ಮುಗಿಲ ಮೇಡಂ ನೋಡಿದ ನೀರು

ಯಾರಾದರೂ ಮಾತಿನ ನಡುವೆ ‘ಹಸಿರು’ ಎಂದರೆ ಸಾಕು, ನಮ್ಮ ಮೇಡಂ ನಡೆಯುತ್ತಿದ್ದಲ್ಲೇ ನಿಂತುಬಿಡುತ್ತಿದ್ದರು, ತಲೆಯನ್ನು ಎಡಭುಜದ ಕಡೆಗೆ ತುಸು ವಾಲಿಸಿ, ಕಣ್ಣನ್ನು ಅರ್ಧ ಮುಚ್ಚಿ, ದೂರದ ಯಾವುದೋ ಹಾಡನ್ನು ಕೇಳಿಸಿಕೊಳ್ಳುವವರ ಹಾಗೆ, “ಯಾವ ಹಸಿರು?” ಎಂದು ಕೇಳುತ್ತಿದ್ದರು. ಕೇಳುತ್ತಿದ್ದುದು ಹಾಸ್ಯಕ್ಕಲ್ಲ. ಕಚೇರಿಯ ಬಾಗಿಲಿಗೆ ಹೊಸ ಬಣ್ಣ ಬಳಿಯಲು ಬಂದವನೊಬ್ಬ ಈ ಪ್ರಶ್ನೆಗೆ ಸಿಕ್ಕಿ ಮುಕ್ಕಾಲು ಗಂಟೆ ಕುಂಚ ಹಿಡಿದು ನಿಂತಿದ್ದ. ಗಿಳಿಯ ರೆಕ್ಕೆಯದೋ, ಎಳೆಯ ಸುಳಿಯದೋ, ಹಳೆಯ ತಾಮ್ರದ ಕಿಲುಬಿನದೋ, ನಿಂತ ನೀರಿನದೋ ಎಂದು ಅವರು ಒಂದೊಂದಾಗಿ ಎಣಿಸುತ್ತ ಹೋದಂತೆ ಆತನ ಮುಖದಲ್ಲೇ ಅಷ್ಟೂ ಬಣ್ಣಗಳು ಬಂದುಹೋಗಿ, ಕೊನೆಗೆ, “ಅಮ್ಮಾ, ಕಂದು ಬಣ್ಣಾನೇ ಬಳೀತೀನಿ, ನನ್ನ ಬಿಟ್ಬಿಡಿ” ಎಂದು ಅಂಗಲಾಚಿದ. ಆ ಬಾಗಿಲು ಇಂದಿಗೂ ಕಂದು.

ನಗರಕ್ಕೆ ಕುಡಿಯುವ ನೀರು ಒದಗಿಸುವ ಕಚೇರಿಯ ಪ್ರಯೋಗಾಲಯದಲ್ಲಿ, ಮೆಟ್ಟಿಲ ಕೆಳಗಿನ ಮೂಲೆಯ ಕೋಣೆ ಅವರದು. ಒಂದು ಕಿಟಕಿ, ಒಂದು ಮೇಜು, ಎರಡು ಕಂಪ್ಯೂಟರ್ ಪರದೆ, ಗೋಡೆಯುದ್ದಕ್ಕೂ ಒಂದೇ ಜಲಾಶಯದ ನೂರಾರು ಚಿತ್ರ. ಸುಮಾರು ಎಂಟುನೂರು ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹ ಐದು ದಿನಕ್ಕೊಮ್ಮೆ, ಬೆಳಗಿನ ಹತ್ತೂವರೆಯ ಹೊತ್ತಿಗೆ, ಜಲಾಶಯದ ಮೇಲೆ ಹಾದುಹೋಗುತ್ತಿತ್ತು. ಅದು ತೆಗೆದ ಚಿತ್ರ ಮಧ್ಯಾಹ್ನ ಕಳೆಯುವಷ್ಟರಲ್ಲಿ ಅವರ ಪರದೆಗೆ ಇಳಿಯುತ್ತಿತ್ತು. ಆ ಚಿತ್ರದಲ್ಲಿ ನೀರನ್ನು ಓದಿ, ಪಾಚಿ ಎಲ್ಲಿ ಎಷ್ಟು ದಟ್ಟವಾಗಿದೆ ಎಂದು ಹೇಳುವುದು ಅವರ ಉದ್ಯೋಗ. ಜೀವವಿರುವ ಹಸಿರು ಕೆಂಪು ಬೆಳಕನ್ನು ಕುಡಿದು, ಕೆಂಪಿನ ಅಂಚಿನ, ನಮ್ಮ ಕಣ್ಣಿಗೆ ಕಂಡೂ ಕಾಣದ ಬೆಳಕೊಂದನ್ನು ಹಿಂದಕ್ಕೆ ಚೆಲ್ಲುತ್ತದಂತೆ. ಹಾಗೆ ಚೆಲ್ಲಿದ್ದನ್ನು ಉಪಗ್ರಹ ಆಯ್ದುಕೊಳ್ಳುತ್ತದಂತೆ. ಇಷ್ಟನ್ನು ನನಗೆ ತಿಳಿಸಿಕೊಡಲು ಅವರಿಗೆ ಎರಡು ವರ್ಷ ಹಿಡಿಯಿತು. ಆಕಾಶದಲ್ಲಿ ಮೋಡ ಕವಿದರೆ ಚಿತ್ರದಲ್ಲಿ ನೀರೂ ಇಲ್ಲ, ಓದೂ ಇಲ್ಲ. ಹಾಗಾಗಿ ಬೆಳಗ್ಗೆ ಬಂದವರೆಲ್ಲ ಮೊದಲು ಹಾಜರಿ ಪುಸ್ತಕದ ಮುಖ ನೋಡಿದರೆ, ಅವರು ಮೊದಲು ಮುಗಿಲಿನ ಮುಖ ನೋಡುತ್ತಿದ್ದರು. ‘ಮುಗಿಲ ಮೇಡಂ’ ಎಂಬ ಹೆಸರನ್ನು ಇಟ್ಟವರು ಕುಹಕಕ್ಕೇ ಇಟ್ಟಿರಬೇಕು. ಕರೆಯುತ್ತ ಕರೆಯುತ್ತ ಅದರ ಮುಳ್ಳು ಸವೆದು, ಮೆತ್ತನೆಯ ಹೆಸರಷ್ಟೇ ಉಳಿಯಿತು.

ನಾನು ಅದೇ ಕಚೇರಿಯಲ್ಲಿ ವಾರ್ಷಿಕ ವರದಿ ಬರೆಯುವವನು. ನನ್ನ ಮೇಜಿಗೂ ಅವರ ಕೋಣೆಗೂ ನಡುವೆ ಇದ್ದುದು ಒಂದು ತೆಳುಹಲಗೆಯ ಗೋಡೆ. ಚಿತ್ರ ಇಳಿಯುವ ದಿನ ಆ ಗೋಡೆಯಾಚೆಯಿಂದ ಕುರ್ಚಿಯ ಕಿರುಗು, ಲೋಟ ಕೆಳಗಿಟ್ಟ ಸದ್ದು, ಆಮೇಲೆ ದೀರ್ಘವಾದ, ಅಳೆಯಲಾಗದ ಮೌನ. ಒಮ್ಮೊಮ್ಮೆ ನಾನು ಬಾಗಿಲಲ್ಲಿ ಇಣುಕುತ್ತಿದ್ದೆ. ಪರದೆಯ ತುಂಬ ಜಲಾಶಯ ಮಲಗಿರುತ್ತಿತ್ತು. ನೀಲಿಗಪ್ಪಿನ ಆ ಮೈಮೇಲೆ ಹಸಿರಿನ ಎಳೆಗಳು, ಕನ್ನಡಿಗೆ ಊದಿದ ಉಸಿರಿನಂತೆ, ಆಗಷ್ಟೇ ಎದ್ದವರ ಮನಸ್ಸಿನಲ್ಲಿ ಕರಗುತ್ತಿರುವ ಸ್ವಪ್ನದಂತೆ, ಸುತ್ತಿ ಸುಳಿದು ಬಿಚ್ಚಿಕೊಳ್ಳುತ್ತಿದ್ದವು. ಅವರು ಅದರೆದುರು ಗಲ್ಲಕ್ಕೆ ಕೈಯಿಟ್ಟು ಕೂತಿರುತ್ತಿದ್ದರು. ಅಂಥ ಹೊತ್ತಿನಲ್ಲಿ ಅವರು ಈ ಕೋಣೆಯಲ್ಲಿರುತ್ತಿದ್ದರೋ ಆ ಎತ್ತರದಲ್ಲಿರುತ್ತಿದ್ದರೋ ಹೇಳುವುದು ಕಷ್ಟ.

ಅಷ್ಟು ಎತ್ತರದಿಂದ ನೋಡುವ ಈ ಮಹಾತಾಯಿಗೆ ಸ್ಟೂಲು ಹತ್ತಲು ಭಯ. ಕೋಣೆಯ ಬಲ್ಬು ಹೋದರೆ, ಎಲೆಕ್ಟ್ರಿಷಿಯನ್ ಬರುವ ತನಕ ಕತ್ತಲಲ್ಲೇ ಕೂರುವರು. ಮಹಡಿಯ ಸಭೆಗೆ ಹೋಗುವಾಗ ಗೋಡೆಗೆ ಅಂಗೈ ಒತ್ತಿಕೊಂಡು ಏರುವರು. ಸಮತಲದಲ್ಲಿ ನಡೆದರೂ ಅವರ ನಡಿಗೆ ದೋಣಿಯೊಳಗೆ ನಿಂತವರ ನಡಿಗೆ: ಪಾದಗಳನ್ನು ಅಗಲಿಸಿ, ನೆಲವನ್ನು ನಂಬಿಯೂ ನಂಬದ ಹಾಗೆ. ಮೈಮೇಲೆ ಯಾವಾಗಲೂ ಪ್ರಯೋಗಾಲಯದ ಕೋಟು. ಎಲ್ಲರದೂ ಬಿಳಿಯಾದರೆ ಅವರದು ತೆಳುನೀಲಿ. ಅಕ್ಕನ ಬಣ್ಣದ ತೊಟ್ಟಿಗೆ ಎಂದೋ ಬಿದ್ದದ್ದು. “ಹೊಸದು ಕೊಡಿಸ್ತಾರಲ್ಲ ಮೇಡಂ” ಎಂದರೆ, “ಇದಕ್ಕೇನಾಗಿದೆ? ಕೊಳೆ ಆಗಿಲ್ಲ, ಬಣ್ಣ ಆಗಿದೆ” ಎನ್ನುವರು.

ಬಣ್ಣ ಅವರಿಗೆ ಹುಟ್ಟಿನಿಂದ ಬಂದದ್ದು. ತಂದೆ ನೂಲಿಗೆ ಬಣ್ಣ ಹಾಕುತ್ತಿದ್ದವರು. ಅವರ ನಂತರ ಅಕ್ಕ ಅದೇ ಕಸುಬನ್ನು ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ನಡೆಸುತ್ತಿದ್ದರು. ಮದುವೆಯಾಗದ ತಂಗಿ, ಗಂಡನನ್ನು ಕಳೆದುಕೊಂಡ ಅಕ್ಕ, ಆರು ತೊಟ್ಟಿಗಳು, ಹಗ್ಗದ ಮೇಲೆ ತೊಟ್ಟಿಕ್ಕುವ ನೂಲಿನ ಲಡಿಗಳು: ಇದು ಅವರ ಸಂಸಾರ. ತಂದೆ ಮಕ್ಕಳಿಬ್ಬರಿಗೂ ಬಿಟ್ಟುಹೋದದ್ದು ಒಂದೇ ಉಪದೇಶ, “ಒದ್ದೆ ಬಣ್ಣ ನಂಬಬೇಡಿ, ಒಣಗಲಿ.” ಅಕ್ಕ ಅದನ್ನು ನೂಲಿನ ವಿಷಯದಲ್ಲಿ ಪಾಲಿಸಿದರು. ತಂಗಿಯ ಪಾಲಿಗೆ ಬಂದದ್ದು ಎಂದೂ ಒಣಗದ ಬಣ್ಣ.

ಪ್ರತಿಯೊಂದು ಟಿಪ್ಪಣಿಯ ಕೊನೆಗೂ ಅವರು ‘ನನಗೆ ಗೊತ್ತಿಲ್ಲದ್ದು’ ಎಂಬ ಒಂದು ಕಂಡಿಕೆ ಬರೆಯುತ್ತಿದ್ದರು. ದಡದ ಮರಗಳ ಬೆಳಕು ನೀರಿನ ಬೆಳಕಿನೊಡನೆ ಬೆರೆತಿರಬಹುದು. ಸೂರ್ಯನ ಹೊಳಪು ಲೆಕ್ಕ ತಪ್ಪಿಸಿರಬಹುದು. ಪಾಚಿಯ ಜಾತಿ ಯಾವುದೆಂದು ಈ ಚಿತ್ರ ಹೇಳದು. ಹೀಗೆ ನಾಲ್ಕಾರು ಸಾಲು. ಮೊದಲ ವರ್ಷ ನಾನು ವರದಿಯ ಗಾಂಭೀರ್ಯಕ್ಕೆ ಕುಂದು ಬರುತ್ತದೆಂದು ಆ ಭಾಗವನ್ನು ಸದ್ದಿಲ್ಲದೆ ಕತ್ತರಿಸಿದೆ. ಮರುದಿನ ಅವರು ಅಚ್ಚಾದ ಪ್ರತಿಯನ್ನು ನನ್ನ ಮೇಜಿನ ಮೇಲಿಟ್ಟು, ಸಿಟ್ಟಿಲ್ಲದ ದನಿಯಲ್ಲಿ, “ನನ್ನ ಅರ್ಧ ಕೆಲಸ ಎಲ್ಲಿ ಹೋಯ್ತು?” ಎಂದು ಕೇಳಿದರು. ಇನ್ನೊಮ್ಮೆ ಕತ್ತರಿಸುವ ಧೈರ್ಯ ನನಗಾಗಲಿಲ್ಲ.

ಆ ಕಂಡಿಕೆಯ ಹಿಂದೆ ಒಂದು ಕಥೆಯಿತ್ತು. ನಾನು ಆ ಕಚೇರಿಗೆ ಸೇರುವ ಮೂರು ವರ್ಷ ಮೊದಲು, ಜಲಾಶಯದ ನೀರು ತೀರ ಇಳಿದಿದ್ದ ಒಂದು ಬೇಸಗೆಯಲ್ಲಿ, ನಗರಕ್ಕೆ ನೀರು ಸೆಳೆಯುವ ಗೋಪುರದ ಸುತ್ತ ದಟ್ಟ ಪಾಚಿ ಕಂಡಿದೆಯೆಂದು ಅವರು ಎಚ್ಚರಿಕೆ ಕೊಟ್ಟರು. ನಗರದ ನೀರು ಮೂರು ದಿನ ನಿಂತಿತು. ಟ್ಯಾಂಕರುಗಳ ಮುಂದೆ ಜನ ಬಕೆಟ್ಟು ಹಿಡಿದು ಬಡಿದಾಡಿದರು. ನಾಲ್ಕನೆಯ ದಿನ ತಿಳಿಯಿತು: ಪಾಚಿ ಇರಲೇ ಇಲ್ಲ. ನೀರು ಅಷ್ಟು ತಿಳಿಯಾಗಿ, ಅಷ್ಟು ತೆಳುವಾಗಿ ನಿಂತಿತ್ತೆಂದರೆ, ಉಪಗ್ರಹ ನೇರವಾಗಿ ತಳದ ಜೊಂಡನ್ನೇ ನೋಡಿಬಿಟ್ಟಿತ್ತು. ನೀರು ನಿರ್ಮಲವಾಗಿದ್ದುದೇ ಅವರ ತಪ್ಪಿಗೆ ಕಾರಣ. ಪತ್ರಿಕೆಗಳು ನಕ್ಕವು, ಮಹಡಿಯ ಕೋಣೆ ಹೋಗಿ ಮೆಟ್ಟಿಲ ಕೆಳಗಿನ ಕೋಣೆ ಬಂತು. ಅದನ್ನೆಲ್ಲ ಅವರು ನುಂಗಿಕೊಂಡರು. ನುಂಗಲಾಗದ್ದು ಒಂದು: ಟ್ಯಾಂಕರಿನ ಸಾಲಿನಲ್ಲಿ ಅಜ್ಜಿಯೊಬ್ಬರು ಬಿದ್ದು ಸೊಂಟ ಮುರಿದುಕೊಂಡಿದ್ದರು.

ಆಸ್ಪತ್ರೆ ಹುಡುಕಿಕೊಂಡು ಹೋಗಿ, ಮಂಚದ ಪಕ್ಕ ನಿಂತು, ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರಂತೆ: ನೀರು ನಿಂತದ್ದು ನನ್ನ ಮಾತಿನಿಂದ, ನನ್ನ ಮಾತು ತಪ್ಪಾಗಿತ್ತು. ಅಜ್ಜಿ, “ನೀನೇನು ಬಂದು ತಳ್ಳಿದ್ಯಾ ನನ್ನ?” ಎಂದರಂತೆ. “ಇಲ್ಲ.” “ಮತ್ತೆ ಕೂತ್ಕೊ. ಬಂದಿದ್ದೀಯ, ಈ ದಿಂಬು ಸರಿ ಮಾಡು.” ಅಂದಿನಿಂದ ತಿಂಗಳಿಗೊಂದು ಶನಿವಾರ ಎರಡು ಬಸ್ಸು ಬದಲಾಯಿಸಿ ಅಜ್ಜಿಯ ಮನೆಗೆ ಹೋಗುವುದು, ದಿಂಬು ಸರಿಮಾಡುವುದು, ಮೊಮ್ಮಕ್ಕಳ ಮೇಲಿನ ದೂರುಗಳನ್ನು ಕೇಳಿ ಬರುವುದು ಅವರ ವ್ರತವಾಯಿತು. ಅದು ಪ್ರಾಯಶ್ಚಿತ್ತವಾಗಿ ಮೊದಲಾಗಿ ಸ್ನೇಹವಾಗಿ ಮುಂದುವರಿಯಿತು. ಅಜ್ಜಿ ಊರುಗೋಲಿನ ಸಹಾಯದಿಂದ ಮತ್ತೆ ನಡೆದಾಡಿದರು, ಆದರೆ ಮೊದಲಿನಂತಲ್ಲ.

ನನ್ನ ನೌಕರಿಯ ಆರನೆಯ ವರ್ಷ, ಇಪ್ಪತ್ತು ದಿನಗಳ ಕಾಲ ಜಲಾಶಯದ ಮೇಲೆ ಮೋಡ ಸರಿಯಲಿಲ್ಲ. ಗಾಳಿಯಿಲ್ಲ, ಮಳೆಯಿಲ್ಲ, ಸೆಕೆಯೊಂದೇ. ಹೊತ್ತು ಕೂಡ ಬೆವರಿ ನಿಂತಂತಿತ್ತು. ನಾಲ್ಕು ಚಿತ್ರ ಬಂದವು, ನಾಲ್ಕೂ ಬೆಳ್ಳಗಿನ ಹತ್ತಿ. ಐದನೆಯದರಲ್ಲಿ, ಹಳೆಯ ಕಂಬಳಿಯಲ್ಲಿ ತೂತು ಬಿದ್ದ ಹಾಗೆ ಒಂದು ಸಣ್ಣ ಕಿಂಡಿ. ಆ ಕಿಂಡಿಯೊಳಗೆ ಕಾಣುತ್ತಿದ್ದುದು ಗೋಪುರದ ಮೂಲೆ ಮಾತ್ರ. ಅಲ್ಲಿ, ಚಿತ್ರವನ್ನು ಇಪ್ಪತ್ತು ಮೀಟರಿಗೊಂದು ಚೌಕದಂತೆ ಹೆಣೆದಿರುವ ಲೆಕ್ಕದಲ್ಲಿ ಹನ್ನೆರಡೇ ಹನ್ನೆರಡು ಚೌಕಗಳಲ್ಲಿ, ಕೆಂಪಿನಂಚಿನ ಬೆಳಕು ಏರಿತ್ತು.

ಆ ಮಧ್ಯಾಹ್ನ ಗೋಡೆಯಾಚೆಯಿಂದ ಕುರ್ಚಿಯ ಕಿರುಗು ಮತ್ತೆ ಮತ್ತೆ ಕೇಳಿಸಿತು. ಅವರು ಟಿಪ್ಪಣಿಯಲ್ಲಿ ಆ ಹನ್ನೆರಡರ ಅಂಕಿಯನ್ನು ಎರಡು ಸಲ ಬರೆದು ಎರಡು ಸಲ ಅಳಿಸಿದರೆಂದು ಎಷ್ಟೋ ದಿನಗಳ ಮೇಲೆ ನನಗೆ ಹೇಳಿದರು. ಈ ಸಲ ಜಲಾಶಯ ತುಂಬಿತ್ತು, ತಳದ ಜೊಂಡು ಕಾಣುವ ಮಾತಿಲ್ಲ. ಆದರೆ ಮೋಡದ ಅಂಚು ಬೆಳಕನ್ನು ಕದಡುತ್ತದೆ, ದಡ ಹತ್ತಿರವಿದೆ, ಮತ್ತು ಅದೇ ಬೆಳಗ್ಗೆ ದೋಣಿಯವನು ಪರೀಕ್ಷೆಗೆಂದು ಜಲಾಶಯದ ನಡುವೆ, ಗುರುತಿಗೆ ತೇಲಿಬಿಟ್ಟ ಕೆಂಪು ಡ್ರಮ್ಮಿನ ಬಳಿ ತುಂಬಿ ತಂದ ಬಾಟಲಿಯ ನೀರು ಕನ್ನಡಿಯಂತಿತ್ತು. ಸುಮ್ಮನಿದ್ದರೆ ಯಾರೂ ಕೇಳುವವರಿಲ್ಲ. ಹನ್ನೆರಡು ಚೌಕ, ಮೋಡ ಎಂದರೆ ಮೋಡ. ಪರದೆ ಆರಿಸಿ, ಕೋಟು ಕಳಚದೆಯೇ ಅವರು ಮನೆಗೆ ಹೋದರು.

ಅಕ್ಕ ಕೊಟ್ಟಿಗೆಯಲ್ಲಿ ಲಡಿ ಹಿಂಡುತ್ತಿದ್ದವರು ತಂಗಿಯ ಮುಖ ನೋಡಿ, “ಏನೇ, ಮೋಡ ತೆರೀತಾ?” ಎಂದರು.

“ಒಂಚೂರು.”

“ಕೆಟ್ಟದ್ದು ಕಂಡ್ತಾ?”

“ಕಂಡಿರಬಹುದು. ಕಾಣದೇನೂ ಇರಬಹುದು. ಅಕ್ಕಾ, ಇನ್ನೊಂದು ಸಲ ತಪ್ಪು ಹೇಳಿದ್ರೆ ನನ್ನ ಕೈಲಿ ತಡ್ಕೊಳಕ್ಕಾಗಲ್ಲ.”

ಅಕ್ಕ ಹಿಂಡಿದ ಲಡಿಯನ್ನು ಹಗ್ಗಕ್ಕೆ ಹಾಕಿ, ಮೊಣಕೈವರೆಗೆ ನೀಲಿಯಾದ ತೋಳನ್ನು ಸೆರಗಿಗೆ ತಾಗದಂತೆ ಎತ್ತಿ ಹಿಡಿದು, “ಒಂದು ಸಲ ಬಣ್ಣ ಕೆಟ್ಟಿತು ಅಂತ ತೊಟ್ಟಿ ಮಗುಚಿ ಹಾಕ್ತಾರೇನೇ? ಆವತ್ತು ಚಿತ್ರ ನೋಡಿದೆ, ನೀರು ನೋಡಲಿಲ್ಲ. ಈ ಸಲ ಹೋಗಿ ನೋಡು” ಎಂದರು. ಅಷ್ಟೇ. ಆಮೇಲೆ ಇನ್ನೊಂದು ಲಡಿಗೆ ಕೈ ಹಾಕಿದರು.

ಮರುದಿನ ಬೆಳಗ್ಗೆ ಅವರು ಮುಖ್ಯ ಎಂಜಿನಿಯರರ ಎದುರು ನಿಂತಾಗ ನಾನು ಯಾವುದೋ ಕಡತಕ್ಕೆ ಸಹಿ ಹಾಕಿಸಿಕೊಳ್ಳಲು ಅಲ್ಲೇ ಇದ್ದೆ. ಎಂಜಿನಿಯರರು ಕೆಟ್ಟವರಲ್ಲ. ಹಿಂದೆ ನೀರು ನಿಂತಾಗ ಟ್ಯಾಂಕರಿನ ಮೇಲೆ ನಿಂತು ಜನರಿಗೆ ಉತ್ತರ ಹೇಳಿ ಅಂಗಿ ಹರಿಸಿಕೊಂಡವರು ಅವರೇ. ಬಾಟಲಿಯ ಫಲಿತಾಂಶ ಓದಿ, ಕನ್ನಡಕ ತೆಗೆದು, “ಮೇಡಂ, ಬಾಟಲಿ ಶುದ್ಧ ಅಂತಿದೆ. ನೀವು ಮತ್ತೆ ಅದನ್ನೇ ಮಾಡ್ತಿದ್ದೀರಿ” ಎಂದರು.

“ಹೌದು ಸಾರ್, ಅದನ್ನೇ ಮಾಡ್ತಿದ್ದೀನಿ. ಈ ಸಲಾನೂ ತಪ್ಪಿರಬಹುದು. ಅದಕ್ಕೇ ನೀರು ನಿಲ್ಲಿಸಿ ಅಂತಿಲ್ಲ. ಗೋಪುರದ ಹತ್ತಿರ ಹೋಗಿ ನೋಡಿ ಬರ್ತೀನಿ ಅಂತಿದ್ದೀನಿ.”

“ಅಲ್ಲಿಗೆ ದೋಣಿ ಬಿಡೋ ಹಾಗಿಲ್ಲ, ಸೆಳೆತ ಇದೆ. ಸೇತುವೆ ಮೇಲಿಂದಾನೇ ನೀರು ತೆಗೀಬೇಕು.”

“ಗೊತ್ತು.”

ಎಂಜಿನಿಯರರು ಅವರನ್ನು ಒಮ್ಮೆ, ಮೆಟ್ಟಿಲು ಹತ್ತುವಾಗ ಗೋಡೆಯ ಸುಣ್ಣ ಮೆತ್ತಿಕೊಂಡ ಅವರ ಅಂಗೈಯನ್ನು ಒಮ್ಮೆ ನೋಡಿದರು. “ನಾಳೆ ಬೆಳಗ್ಗೆ ಹೋಗಿ” ಎಂದರು. ಹೊರಗೆ ಬಂದ ಮೇಲೆ ಮೇಡಂ ನನಗೆ, “ನೀವೂ ಬನ್ನಿ. ಬರೆಯೋರು ಒಂದ್ಸಲ ನೀರು ನೋಡಿರಬೇಕು” ಎಂದರು.

ಸೂರ್ಯ ಹುಟ್ಟುವ ಹೊತ್ತಿಗೆ ನಾವು ಏರಿಯ ಮೇಲಿದ್ದೆವು. ಗಾಳಿಯಿಲ್ಲದ ಮುಂಜಾವಿನಲ್ಲಿ ಕೆಲವು ಜಾತಿಯ ಪಾಚಿ ತನ್ನೊಳಗೇ ಗಾಳಿಯ ಗುಳ್ಳೆ ಕಟ್ಟಿಕೊಂಡು ಮೇಲಕ್ಕೆ ತೇಲಿಬರುತ್ತದೆಂದು ಅವರು ಹೇಳಿದ್ದರು. ಏರಿಯಿಂದ ಗೋಪುರದವರೆಗೆ ನೂರು ಮಾರು ಉದ್ದದ ಕಬ್ಬಿಣದ ಕಾಲುಸೇತುವೆ; ನೆಲವೆಂದರೆ ಜಾಲರಿ, ಜಾಲರಿಯ ಕೆಳಗೆ ಬಯಲು, ಬಯಲಿನ ಕೆಳಗೆ ನೀರು. ದೋಣಿಯವನು ಮುಂದೆ, ಬಾಟಲಿಗಳ ಐಸ್ ಪೆಟ್ಟಿಗೆ ಹೊತ್ತ ನಾನು ಹಿಂದೆ, ನಡುವೆ ಅವರು. ಎರಡು ಕೈಯಲ್ಲೂ ಕಂಬಿ ಹಿಡಿದು, ಒಂದು ಪಾದವನ್ನು ಇನ್ನೊಂದು ಪಾದದ ಬಳಿಗೆ ತಂದು, ತಡೆದು, ಉಸಿರು ಬಿಟ್ಟು, ಮತ್ತೆ ಸರಿಯುತ್ತಿದ್ದರು. ತೆಳುನೀಲಿ ಕೋಟಿನ ಬೆನ್ನು ಬೆವರಿನಿಂದ ಗಾಢವಾಗುತ್ತ ಹೋಯಿತು.

“ಅಮ್ಮಾ, ಕೆಳಗೆ ಮಾತ್ರ ನೋಡ್ಬೇಡಿ” ಎಂದ ದೋಣಿಯವನು.

“ಕೆಳಗೆ ನೋಡೋದೇ ನನ್ನ ಕೆಲಸ ಅಲ್ವೇನಪ್ಪಾ” ಎಂದರು ಅವರು. ನಗಲು ಹೋದರು, ಹಲ್ಲು ಕಟಕಟಿಸಿತು.

ಗೋಪುರದ ಬುಡ ಮುಟ್ಟಿದಾಗ ಬೆಳಕು ಹರಿದಿತ್ತು. ಅಂಥದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ನೀರಿನ ಮೇಲೆ ಯಾರೋ ನಿದ್ದೆಯಲ್ಲಿ ಬೆರಳಾಡಿಸಿದಂತೆ ಹಸಿರಿನ ಸುರುಳಿಗಳು, ಸುರುಳಿಯೊಳಗೆ ಸುರುಳಿ, ಅಂಚಿನಲ್ಲಿ ಹಾಲಿನಂಥ ನೀಲಿ. ಗೋಪುರದ ಕಲ್ಲನ್ನು ಅವು ಮೃದುವಾಗಿ ತಾಕಿ, ಹಿಂದೆ ಸರಿದು, ಮತ್ತೆ ತಾಕುತ್ತಿದ್ದವು. ಎಷ್ಟು ಸುಂದರವಾಗಿತ್ತೆಂದರೆ ಅದು ವಿಷವಿರಬಹುದೆಂದು ನೆನಪಿಟ್ಟುಕೊಳ್ಳಲು ಪ್ರಯತ್ನ ಪಡಬೇಕಿತ್ತು. ಅವರು ಹಗ್ಗಕ್ಕೆ ಕಟ್ಟಿದ ಬಿಳಿಯ ತಟ್ಟೆಯನ್ನು ಮೆಲ್ಲಗೆ ಇಳಿಬಿಟ್ಟರು. ತಿಳಿನೀರಿನಲ್ಲಿ ಮೂರಾಳಿನ ಆಳಕ್ಕೂ ಕಾಣುವ ತಟ್ಟೆ, ಒಂದು ಗೇಣು ಮುಳುಗುವಷ್ಟರಲ್ಲಿ ಕಾಣದಾಯಿತು. ಅಲ್ಲೇ ಬಾಟಲಿ ಇಳಿಬಿಟ್ಟು ನೀರು ತುಂಬಿಕೊಂಡರು.

“ನಿಮ್ಮ ಲೆಕ್ಕ ಸರಿ ಆಯ್ತಲ್ಲ ಮೇಡಂ” ಎಂದೆ ನಾನು, ಪೆದ್ದನಂತೆ.

ಅವರು ನೀರಿನಿಂದ ಕಣ್ಣು ಕೀಳದೆ, “ತಪ್ಪಾಗಿದ್ರೆ ಚೆನ್ನಾಗಿತ್ತು” ಎಂದರು.

ಸೂಕ್ಷ್ಮದರ್ಶಕದ ಕೆಳಗೆ ಅದು ವಿಷ ಹೊರಬಲ್ಲ ಜಾತಿಯೆಂದೇ ಕಂಡಿತು. ಎಂಜಿನಿಯರರು ತಾವೇ ಬಗ್ಗಿ ನೋಡಿದರು. ನೋಡಿದವರೇ ಫೋನು ಕೈಗೆತ್ತಿಕೊಂಡು ಮೈಲುತುತ್ತದ ಮೂಟೆಗಳನ್ನು ತರಿಸಲು ಹೊರಟರು, ಸುರಿದು ಪಾಚಿಯನ್ನು ಒಂದೇ ಏಟಿಗೆ ಕೊಲ್ಲಲು. ಮೇಡಂ ಅಡ್ಡ ನಿಂತರು. “ಬೇಡ ಸಾರ್. ಬದುಕಿರೋ ತನಕ ವಿಷ ಬಹುಪಾಲು ಅದರ ಹೊಟ್ಟೇಲೇ ಇರುತ್ತೆ, ಸತ್ತರೆ ನೀರಿಗೆ ಬಿಡುತ್ತೆ. ಜನ ಕುದಿಸಿ ಕುಡಿದ್ರೂ ಹೋಗಲ್ಲ. ಊರಲ್ಲಿ ರಕ್ತ ಶುದ್ಧಿ ಮಾಡೋ ಡಯಾಲಿಸಿಸ್ ವಾರ್ಡುಗಳಿಗೂ ಇದೇ ನೀರು ಹೋಗೋದು. ಪಾಚಿ ಮೇಲಿದೆ. ಮೇಲಿನ ತೂಬು ಮುಚ್ಚಿ, ತಳದ ತೂಬಿಂದ ಎಳೀರಿ. ಗಾಳಿ ಬರೋ ತನಕ ಕಾಯೋಣ.”

“ತಳದ ನೀರು ಕೆಸರು ವಾಸನೆ ಹೊಡೆಯುತ್ತೆ. ಜನ ಬಯ್ತಾರೆ.”

“ಬಯ್ಯಲಿ ಸಾರ್. ಬಯ್ಯೋಕೆ ಆರೋಗ್ಯವಾಗಿರ್ತಾರಲ್ಲ.”

ಎಂಜಿನಿಯರರು ಮೂಟೆಗಳ ಮಾತು ಬಿಟ್ಟು, ಅದೇ ಫೋನಿನಲ್ಲಿ ತೂಬಿನವರನ್ನು ಕರೆದರು. ಮಧ್ಯಾಹ್ನದೊಳಗೆ ಮೇಲಿನ ತೂಬು ಮುಚ್ಚಿತು. ಹದಿನೆಂಟು ದಿನ ಊರಿನ ನಲ್ಲಿಗಳಲ್ಲಿ ಕೆಸರಿನ ವಾಸನೆಯ ನೀರು ಬಂತು. ಕಚೇರಿಯ ಫೋನು ಒಂದೇ ಸಮನೆ ಬಡಿದುಕೊಂಡಿತು. ನನ್ನ ಪಕ್ಕದ ಮನೆಯವರೇ ನನ್ನೊಡನೆ ಮಾತು ಬಿಟ್ಟರು. ಮೇಡಂ ದಿನಾ ಮುಂಜಾನೆ ಸೇತುವೆ ದಾಟಿ ನೀರು ತಂದರು, ದಿನಾ ಅದೇ ಭಯದಿಂದ; ಭಯ ಒಂದು ಗೇಣೂ ಕಡಿಮೆಯಾಗಲಿಲ್ಲವೆಂದು ಅವರೇ ಹೇಳಿದರು. ಹತ್ತೊಂಬತ್ತನೆಯ ದಿನ ಪಡುವಣದಿಂದ ಗಾಳಿ ಬೀಸಿ, ಜಲಾಶಯದ ಮೈಯನ್ನು ಕಲಕಿ, ಹಸಿರನ್ನು ಆಚೆ ದಡಕ್ಕೆ ಒಯ್ದು ಚದುರಿಸಿತು. ಆಸ್ಪತ್ರೆಗಳಿಂದ ಒಂದು ಕೆಟ್ಟ ಸುದ್ದಿಯೂ ಬರಲಿಲ್ಲ. ಪತ್ರಿಕೆಗಳು ನಲ್ಲಿಯ ವಾಸನೆಯ ಬಗ್ಗೆ ಮೂರು ದಿನ ಬರೆದವು, ಪಾಚಿಯ ಬಗ್ಗೆ ಒಂದು ಸಾಲೂ ಇಲ್ಲ. ಮೇಡಂಗೆ ಮಹಡಿಯ ಕೋಣೆ ಮತ್ತೆ ಕೊಡುತ್ತೇವೆಂದು ಎಂಜಿನಿಯರರು ಹೇಳಿ ಕಳುಹಿಸಿದರು. “ಮೆಟ್ಟಿಲಿದೆ, ಬೇಡ” ಎಂದು ಉತ್ತರ ಬಂತು.

ಈಗ ಮೇಡಂ ನಿವೃತ್ತರು. ಅವರಂಥವರ ಬಗ್ಗೆ ನಾನು ಆಗಾಗ ಯೋಚಿಸುತ್ತೇನೆ. ಲೋಕದಲ್ಲಿ ಎಂದೂ ತಪ್ಪದವರು ಬೇಕಾದಷ್ಟಿದ್ದಾರೆ. ಅವರಲ್ಲಿ ಬಹಳ ಮಂದಿ ಎಂದೂ ಬಾಯಿ ತೆರೆಯದವರು. ತಪ್ಪಿ, ನಾಲ್ಕು ಜನರ ನಗೆಗೆ ಗುರಿಯಾಗಿ, ಆಮೇಲೆ ಬದುಕಿಡೀ ಬಾಯಿಗೆ ಬೀಗ ಹಾಕಿಕೊಂಡವರೂ ಇದ್ದಾರೆ; ಅವರನ್ನು ಹಳಿಯುವ ಮನಸ್ಸು ನನಗಿಲ್ಲ, ನಾನೂ ಅವರಲ್ಲೊಬ್ಬ. ಈ ಎರಡು ಬಗೆಯವರ ನಡುವೆ, ಎಲ್ಲೋ ಅಪರೂಪಕ್ಕೆ, ಇನ್ನೊಂದು ಬಗೆಯವರು ಹುಟ್ಟುತ್ತಾರೆ. ತಮ್ಮ ಮಾತಿನಿಂದ ಒಬ್ಬರಿಗೆ ನೋವಾದದ್ದನ್ನು ಅವರು ಮರೆಯುವುದಿಲ್ಲ. ಮರೆಯದ ಆ ನೋವನ್ನೇ ಕೋಲಾಗಿ ಊರಿಕೊಂಡು ಮತ್ತೆ ಎದ್ದು ನಿಲ್ಲುತ್ತಾರೆ. ಎರಡನೆಯ ಸಲ ಮಾತಾಡುವಾಗ ಅವರ ದನಿ ಮೊದಲಿಗಿಂತ ತಗ್ಗಿರುತ್ತದೆ, ಕಾಲು ನಡುಗುತ್ತಿರುತ್ತದೆ, ಆದರೂ ಮಾತು ಬರುತ್ತದೆ. ಒಂದು ಊರು ಬೆಳಗ್ಗೆ ಎದ್ದು, ನಲ್ಲಿ ತಿರುಗಿಸಿ, ಯಾವ ಯೋಚನೆಯೂ ಇಲ್ಲದೆ ಲೋಟ ತುಂಬಿಕೊಂಡು ಗಟಗಟನೆ ಕುಡಿಯುವಷ್ಟು ನಿಶ್ಚಿಂತವಾಗಿರುವುದು ಇಂಥ ತಗ್ಗಿದ ದನಿಯ ನಾಲ್ಕಾರು ಜನರಿಂದಲೇ ಇರಬೇಕು.